ಓಟಿಯ ಎಸಿ ಆಫ್ ಮಾಡಿದರೆ ವೈರಸ್ ನಿಲ್ಲುತ್ತದೆಯೇ?

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್‌ನಲ್ಲಿ ಸ್ಟಾಫ್ ನರ್ಸ್. ನಮ್ಮದು ಎರಡು ಓಟಿ ಇರುವ ಚಿಕ್ಕ ಆಸ್ಪತ್ರೆ. ಒಂದರಲ್ಲಿ ಚಾವಣಿಯಿಂದ ಫಿಲ್ಟರ್ ಆದ ಗಾಳಿ ಬರುತ್ತದೆ. ಇನ್ನೊಂದರಲ್ಲಿ ಗೋಡೆಯ ಸ್ಪ್ಲಿಟ್ ಎಸಿ ಅಷ್ಟೇ. ಈಗ ಜ್ವರ, ಕೆಮ್ಮಿನ ವೈರಸ್ ಎಲ್ಲ ಕಡೆ ಹರಡಿದೆ. ಸರ್ಜನ್ ಒಬ್ಬರು ಎಸಿ ಪೂರ್ತಿ ಆಫ್ ಮಾಡಿ ಅಂತಾರೆ, ಅನಸ್ತೇಶಿಯಾ ಡಾಕ್ಟರ್ ಕೂಡದು ಅಂತಾರೆ. ಪ್ರತಿ ಕೇಸ್ ಆದ ಮೇಲೆ ಫಾರ್ಮಲಿನ್ ಹೊಗೆ ಹಾಕಿ ರಾತ್ರಿಯಿಡೀ ಓಟಿ ಮುಚ್ಚಿಡಬೇಕು ಅಂತ ಹೇಳಿದ್ದಾರೆ. ಎನ್95 ಸಿಗದ ದಿನ ಎರಡು ಸರ್ಜಿಕಲ್ ಮಾಸ್ಕ್ ಹಾಕಿಕೊಳ್ತೇವೆ. ಮನೆಯಲ್ಲಿ ಪುಟ್ಟ ಮಗು ಇದೆ, ವಯಸ್ಸಾದ ಅತ್ತೆ ಇದ್ದಾರೆ. ಸೋಂಕಿದ್ದವರು ಮಲಗಿದ್ದ ಟೇಬಲ್ ಮೇಲೆ ಮುಂದಿನ ರೋಗಿಯನ್ನು ಮಲಗಿಸಲು ನನಗೇ ಅಂಜಿಕೆ. ಇದರಲ್ಲಿ ಯಾವುದು ನಿಜ, ಯಾವುದು ಸುಮ್ನೆ ಹೆದರಿಕೆ? ದಯವಿಟ್ಟು ಹೇಳಿ ಡಾಕ್ಟ್ರೇ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಟ್ಟಿಗೆ ಬಂದಿವೆ. ರೋಗಿಯ ಉಸಿರಿನಿಂದ ನಿಮಗೆ, ನಿಮ್ಮಿಂದ ಮನೆಯವರಿಗೆ ಸೋಂಕು ತಗಲಬಹುದು ಅನ್ನೋದು ಒಂದು. ರೂಮಿನಲ್ಲಿ ಉಳಿದ ವೈರಸ್ ಮುಂದಿನ ರೋಗಿಗೆ ಹೋಗಬಹುದು ಅನ್ನೋದು ಇನ್ನೊಂದು. ಎರಡೂ ನಿಜವಾದ ಅಪಾಯಗಳೇ. ಆದರೆ ಫಿಲ್ಟರ್ ಗಾಳಿಯ ಓಟಿಯಲ್ಲಿ ಎಸಿ ಆಫ್ ಮಾಡಿದರೆ ಇವೆರಡೂ ಹೆಚ್ಚುತ್ತವೆ. ಫಾರ್ಮಲಿನ್ ಹೊಗೆಯಿಂದ ಇವೆರಡಕ್ಕೂ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ನಾನೂ ಅನಸ್ತೇಶಿಯಾದವನೇ, ರೋಗಿಯ ಬಾಯಿ ಮೂಗಿನ ಹತ್ತಿರವೇ ನಿಂತು ಕೆಲಸ ಮಾಡುವವನು. ಹಾಗಾಗಿ ಇದು ನನ್ನ ಚಿಂತೆಯೂ ಹೌದು.

ಮೊದಲು ಎಸಿ ಜಗಳ ಬಿಡಿಸೋಣ. ಓಟಿಯನ್ನು ಕಟ್ಟುವುದೇ ಗಾಯವನ್ನು ಕಾಪಾಡಲು. ಓಟಿಯ ಮಾಸ್ಕ್ ಕೂಡ ಹುಟ್ಟಿದ್ದು ಹಾಗೆಯೇ. 1897ರಲ್ಲಿ ಯೋಹಾನ್ ಮಿಕುಲಿಚ್ ಎಂಬ ಸರ್ಜನ್ ಬಾಯಿಗೆ ಗಾಜ್ ಬಟ್ಟೆ ಕಟ್ಟಿಕೊಂಡು ಆಪರೇಷನ್ ಮಾಡಲು ಶುರು ಮಾಡಿದ್ದು ತಮ್ಮ ಎಂಜಲ ಹನಿ ರೋಗಿಯ ಗಾಯಕ್ಕೆ ಬೀಳಬಾರದು ಅಂತ, ತಮ್ಮನ್ನು ಕಾಪಾಡಿಕೊಳ್ಳಲು ಅಲ್ಲ. ಚಾವಣಿಯಿಂದ ಬರುವ ಗಾಳಿಯ ಉದ್ದೇಶವೂ ಅದೇ. ಒಳಗೆ ಒತ್ತಡ ಸ್ವಲ್ಪ ಜಾಸ್ತಿ ಇಟ್ಟಿರುತ್ತಾರೆ. ಗಾಳಿ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಕಾರಿಡಾರಿನ ಧೂಳು, ಬ್ಯಾಕ್ಟೀರಿಯಾ ಒಳಗೆ ಬರುವುದಿಲ್ಲ.

ಉಸಿರಾಟದ ವೈರಸ್ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಈಗ ಸೋಂಕಿನ ಮೂಲ ಕಾರಿಡಾರಿನಲ್ಲಿಲ್ಲ, ಟೇಬಲ್ ಮೇಲೆಯೇ ಮಲಗಿದೆ. ಅದೇ ಒತ್ತಡ ರೋಗಿಯ ಉಸಿರು ಬೆರೆತ ಗಾಳಿಯನ್ನು ಹೊರಗೆ ತಳ್ಳಬಹುದು. ನಿಮ್ಮ ಸರ್ಜನ್ ಹೆದರಿದ್ದು ಇದಕ್ಕೇ, ಅದರಲ್ಲಿ ತಪ್ಪಿಲ್ಲ. ಪರಿಹಾರ ಮಾತ್ರ ತಪ್ಪು. ಎಸಿ ಆಫ್ ಮಾಡಿದರೆ ವೈರಸ್ ರೂಮಿನಲ್ಲೇ ಸೇರಿಕೊಳ್ಳುತ್ತಾ ಹೋಗುತ್ತದೆ, ಅದನ್ನು ಉಸಿರಾಡುವವರು ನೀವೇ. ಜೊತೆಗೆ ಗಾಯಕ್ಕಿದ್ದ ರಕ್ಷಣೆಯೂ ಹೋಯಿತು. ಗೌನಿನೊಳಗೆ ಬೆವರಿಳಿಸಿಕೊಂಡು ಕೆಲಸ ಮಾಡುವಾಗ ಕೈ ಪದೇ ಪದೇ ಮುಖಕ್ಕೆ ಹೋಗುತ್ತದೆ. ಅದೂ ಸಣ್ಣ ವಿಷಯವಲ್ಲ.

ಗಾಳಿ ಎಷ್ಟು ಬೇಗ ಬದಲಾಗುತ್ತದೆ ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ. ರೂಮಿನಲ್ಲಿರುವಷ್ಟು ಗಾಳಿ ಒಂದು ಗಂಟೆಯಲ್ಲಿ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನು ಏರ್ ಚೇಂಜ್ ಅಂತಾರೆ. ಒಳ್ಳೆಯ ಓಟಿಯಲ್ಲಿ ಇದು ಗಂಟೆಗೆ ಸುಮಾರು 20. ಅಂಥ ರೂಮಿನಲ್ಲಿ ರೋಗಿ ಕೆಮ್ಮಿದ ನಂತರ ಗಾಳಿಯಲ್ಲಿ ತೇಲುವ ಕಣಗಳಲ್ಲಿ ಶೇ 99 ಭಾಗ ಹೋಗಲು ಸುಮಾರು 14 ನಿಮಿಷ ಸಾಕು, ಶೇ 99.9 ಹೋಗಲು 21 ನಿಮಿಷ. ಗಂಟೆಗೆ 6 ಸಲ ಮಾತ್ರ ಬದಲಾದರೆ ಇದೇ ಕೆಲಸಕ್ಕೆ 46 ಮತ್ತು 69 ನಿಮಿಷ ಬೇಕು. 2 ಸಲ ಅಂದರೆ ಶೇ 99ಕ್ಕೇ ಎರಡು ಗಂಟೆ ದಾಟುತ್ತದೆ. ರೂಮಿನಲ್ಲಿ ಗಾಳಿ ಚೆನ್ನಾಗಿ ಬೆರೆಯುತ್ತದೆ ಎಂದುಕೊಂಡು ಮಾಡಿದ ಲೆಕ್ಕ ಇದು. ಮೂಲೆಯಲ್ಲಿ ಟ್ರಾಲಿಗಳು ತುಂಬಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿರಿ. ಹಾಗಾಗಿ "ಇಪ್ಪತ್ತು ನಿಮಿಷ ಕಾಯಿರಿ", "ಒಂದು ಗಂಟೆ ಕಾಯಿರಿ" ಎಂಬ ನಿಯಮಗಳನ್ನು ಯಾರೋ ಹೇಳಿದರು ಅಂತ ಹಿಡಿದುಕೊಳ್ಳಬೇಡಿ. ನಿಮ್ಮ ರೂಮಿನ ಏರ್ ಚೇಂಜ್ ಎಷ್ಟು ಎಂದು ಗೊತ್ತಾದರೆ ಎಷ್ಟು ಹೊತ್ತು ಕಾಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ರಾತ್ರಿಯಿಡೀ ಮುಚ್ಚಿಡುವ ಅಗತ್ಯ ಖಂಡಿತ ಇಲ್ಲ.

ಫಿಲ್ಟರ್ ಗಾಳಿಯ ಓಟಿಯಲ್ಲಿ ವ್ಯವಸ್ಥೆ ಓಡುತ್ತಲೇ ಇರಲಿ, ಬಾಗಿಲು ಮುಚ್ಚಿರಲಿ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ತೆಳುವಾದ ಟಿಶ್ಯೂ ಪೇಪರಿನ ಪಟ್ಟಿಯೊಂದನ್ನು ಮುಚ್ಚಿದ ಬಾಗಿಲಿನ ಕೆಳಗಿನ ಸಂದಿಯ ಹತ್ತಿರ, ಕಾರಿಡಾರಿನ ಕಡೆಯಿಂದ ಹಿಡಿಯಿರಿ. ಪಟ್ಟಿ ನಿಮ್ಮ ಕಡೆಗೆ ಹಾರಿದರೆ ಒಳಗಿನ ಒತ್ತಡ ಸರಿ ಇದೆ. ಈಗ ಯಾರಾದರೂ ಇನ್ನೊಂದು ಬಾಗಿಲು ತೆರೆಯಲಿ. ಪಟ್ಟಿ ತಕ್ಷಣ ಸತ್ತಂತೆ ತೂಗಾಡುತ್ತದೆ, ಕೆಲವೊಮ್ಮೆ ಒಳಗೆ ಎಳೆದುಕೊಳ್ಳುತ್ತದೆ. ಹೊಲಿಗೆ ದಾರ ಬೇಕು, ಇನ್ನೊಂದು ಗ್ಲೌಸ್ ಬೇಕು, ಫೋನ್ ಬಂದಿದೆ ಅಂತ ಬಾಗಿಲು ತೆಗೆದಾಗಲೆಲ್ಲ ಆಗುವುದು ಇದೇ. ಸೋಂಕು ಇರುವ ಅಥವಾ ಅನುಮಾನ ಇರುವ ಕೇಸಿಗೆ ಬೇಕಾದ್ದನ್ನೆಲ್ಲ ಮೊದಲೇ ಒಳಗೆ ಜೋಡಿಸಿಕೊಳ್ಳಿ. ಹೊರಗೆ ಒಬ್ಬರನ್ನು ನಿಲ್ಲಿಸಿ. ಉಸಿರಾಟಕ್ಕೆಂದು ರೋಗಿಯ ಗಂಟಲಿಗೆ ಟ್ಯೂಬ್ ಹಾಕುವಾಗ, ತೆಗೆಯುವಾಗ ಕಾರಿಡಾರಿನ ಆ ಭಾಗದಲ್ಲಿ ಯಾರೂ ಓಡಾಡದಂತೆ ನೋಡಿಕೊಳ್ಳಿ. ಸಾಧ್ಯವಿದ್ದರೆ ಬಾಗಿಲ ಹೊರಗೆ ಒಂದು ಹೆಪಾ ಫಿಲ್ಟರ್ ಯಂತ್ರ (ಅತಿ ಸಣ್ಣ ಕಣಗಳನ್ನೂ ಹಿಡಿದು ಗಾಳಿ ಶುದ್ಧ ಮಾಡುವಂಥದು) ಇಡಬಹುದು. ಒಳಗೆ ಒತ್ತಡ ಜಾಸ್ತಿ ಇರುವ ಪಾಸಿಟಿವ್ ಪ್ರೆಶರ್ ರೂಮನ್ನು ನೆಗೆಟಿವ್, ಅಂದರೆ ಹೊರಗಿಗಿಂತ ಒತ್ತಡ ಕಡಿಮೆ, ಮಾಡಲು ನೀವೇ ಫ್ಯಾನ್ ಕಟ್ಟಿ ಪ್ರಯೋಗ ಮಾಡಬೇಡಿ. ಅದು ಎಂಜಿನಿಯರ್ ಲೆಕ್ಕ ಹಾಕಿ ಮಾಡಬೇಕಾದ ಕೆಲಸ.

ನನಗೆ ಜಾಸ್ತಿ ಚಿಂತೆ ನಿಮ್ಮ ಎರಡನೆಯ ಓಟಿಯದ್ದು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ. ಇರುವ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ವಾಪಸ್ ಬಿಡುತ್ತದೆ. ಅದರೊಳಗಿನ ಜಾಲರಿ ಧೂಳಿಗೆ ಮಾತ್ರ. ಮುಚ್ಚಿದ ಕೋಣೆಯಲ್ಲಿ ಯಾರೋ ಸಿಗರೇಟ್ ಸೇದಿ ಹೋದ ಮೇಲೆ ಎಸಿ ಹಾಕಿದರೂ ವಾಸನೆ ಉಳಿಯುತ್ತದಲ್ಲ, ಸಣ್ಣ ಕಣಗಳೂ ಹಾಗೆಯೇ ಉಳಿಯುತ್ತವೆ.

ಇಲ್ಲಿ ಹೆಪಾ ಯಂತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ. 6 ಮೀಟರ್ ಉದ್ದ, 6 ಅಗಲ, 3 ಎತ್ತರದ ರೂಮು ಅಂದುಕೊಳ್ಳಿ. ಒಳಗಿನ ಗಾಳಿ 108 ಘನ ಮೀಟರ್. ಗಂಟೆಗೆ 650 ಘನ ಮೀಟರ್ ಗಾಳಿ ಶುದ್ಧ ಮಾಡುವ ಯಂತ್ರ ಇಟ್ಟರೆ ಗಂಟೆಗೆ 6 ಸಲ ಗಾಳಿ ಬದಲಾದಷ್ಟೇ ಪರಿಣಾಮ. ಅಂಥ ಎರಡು ಇಟ್ಟರೆ 12. ಕಾಯುವ ಹೊತ್ತು 46 ನಿಮಿಷದಿಂದ 23ಕ್ಕೆ ಇಳಿಯಿತು. ಹೆಪಾ ಫಿಲ್ಟರ್ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣಗಳಲ್ಲಿ ಶೇ 99.97 ಹಿಡಿಯುತ್ತದೆ. "ವೈರಸ್ ಅದಕ್ಕಿಂತ ಚಿಕ್ಕದು, ತೂರಿಕೊಂಡು ಹೋಗುತ್ತದೆ" ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಹಿಡಿಯಲು ಅತಿ ಕಷ್ಟದ ಗಾತ್ರವೇ ಸುಮಾರು 0.3. ಅದಕ್ಕಿಂತ ಚಿಕ್ಕವು ಗಾಳಿಯಲ್ಲಿ ಅಡ್ಡಾದಿಡ್ಡಿ ಓಡಾಡಿ ನಾರಿಗೆ ಡಿಕ್ಕಿ ಹೊಡೆದು ಸಿಕ್ಕಿಬೀಳುತ್ತವೆ. ಯಂತ್ರವನ್ನು ರೋಗಿಯ ತಲೆಯ ಕಡೆ, ಕೆಳಗೆ ಇಡಿ. ಅದರ ಗಾಳಿ ಗಾಯದ ಮೇಲೆ, ಸ್ಟೆರೈಲ್ ಟ್ರಾಲಿ ಮೇಲೆ ಬೀಸಬಾರದು. ಆಪರೇಷನ್ ನಡೆಯುವಾಗ ಕಿಟಕಿ ತೆರೆಯಲೇಬೇಡಿ. ರೋಗಿ ಹೊರಗೆ ಹೋದ ಮೇಲೆ ತೆರೆದು, ಗಾಳಿಯಾಡಿಸಿ, ಮತ್ತೆ ಮುಚ್ಚಿ, ಆಮೇಲೆ ಪೂರ್ತಿ ಒರೆಸಿ.

ನಿಮಗೆ ಎರಡು ಓಟಿ ಇರುವುದರಿಂದ ಒಂದು ದಾರಿ ಸುಲಭ. ಕೆಮ್ಮು, ಜ್ವರ ಇರುವವರ ಎಮರ್ಜೆನ್ಸಿ ಕೇಸ್‌ಗಳೆಲ್ಲ ಫಿಲ್ಟರ್ ಗಾಳಿಯ ಓಟಿಗೆ ಹೋಗಲಿ. ಕೆಲವು ಗಂಟೆ ಕಾಯಬಹುದಾದ ಕೇಸ್ ಆದರೆ ಅಂದಿನ ಲಿಸ್ಟಿನಲ್ಲಿ ಕೊನೆಗೆ. ಲಕ್ಷಣ ಇಲ್ಲದವರ ಸಣ್ಣ ಕೇಸ್‌ಗಳು ಇನ್ನೊಂದರಲ್ಲಿ. ಟೆಸ್ಟ್ ನೆಗೆಟಿವ್ ಬಂತು ಅಂತ ಕೆಮ್ಮುತ್ತಿರುವವರನ್ನು ಸ್ಪ್ಲಿಟ್ ಎಸಿ ರೂಮಿಗೆ ಕಳಿಸಬೇಡಿ. ಸೋಂಕಿನ ಶುರುವಿನಲ್ಲಿ ಟೆಸ್ಟ್ ತಪ್ಪಿಸಿಕೊಳ್ಳುವುದು ಸಾಮಾನ್ಯ, ರ‍್ಯಾಪಿಡ್ ಟೆಸ್ಟ್ ಇನ್ನೂ ಜಾಸ್ತಿ ತಪ್ಪಿಸಿಕೊಳ್ಳುತ್ತದೆ.

ವೈರಸ್ ಆಪರೇಷನ್ ಉದ್ದಕ್ಕೂ ಒಂದೇ ಸಮ ಹೊರಬರುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಗಂಟಲಿಗೆ ಟ್ಯೂಬ್ ಹೋಗಿ, ಅದರ ಕಫ್ (ಟ್ಯೂಬಿನ ಸುತ್ತ ಇರುವ ಪುಟ್ಟ ಬಲೂನು) ಉಬ್ಬಿ, ಯಂತ್ರದ ಉಸಿರಿನ ಕೊಳವೆಗಳಿಗೆ ಫಿಲ್ಟರ್ ಕೂಡಿಸಿದ ಮೇಲೆ ರೋಗಿಯ ಉಸಿರು ಮುಚ್ಚಿದ ಕೊಳವೆಯೊಳಗೆ ಹೋಗಿ ಬರುತ್ತದೆ. ಆ ಹೊತ್ತಿನಲ್ಲಿ ರೂಮಿನಲ್ಲಿ ಅತಿ ಕಡಿಮೆ ಸೋರುವ ವ್ಯಕ್ತಿ ರೋಗಿಯೇ. ಅಪಾಯ ಶುರುವಿನಲ್ಲಿ ಮತ್ತು ಕೊನೆಯಲ್ಲಿ. 2003ರಲ್ಲಿ ಬಂದ ಸಾರ್ಸ್ ಎಂಬ ಉಸಿರಾಟದ ಸೋಂಕಿನ ನಂತರ ಟ್ಯೂಬ್ ಹಾಕುವುದೇ ದೊಡ್ಡ ಗಂಡಾಂತರ ಎಂದು ನಾವೆಲ್ಲ ಕಲಿತೆವು. 2020ರಲ್ಲಿ ಬ್ರಿಟನ್ನಿನಲ್ಲಿ ಓಟಿಯೊಳಗೇ ಕಣ ಎಣಿಸುವ ಯಂತ್ರ ಇಟ್ಟು ಅಳೆದಾಗ ಬೇರೆಯೇ ಕಂಡಿತು. ಮಂಪರಿನಲ್ಲಿ, ಸ್ನಾಯು ಸಡಿಲವಾಗಿ ಮಲಗಿದ ರೋಗಿಗೆ ನಿಧಾನವಾಗಿ ಟ್ಯೂಬ್ ಹಾಕುವಾಗ ಬರುವ ಕಣ ಒಂದು ಕೆಮ್ಮಿಗಿಂತ ಎಷ್ಟೋ ಕಡಿಮೆ. ಟ್ಯೂಬ್ ತೆಗೆಯುವಾಗ ಜಾಸ್ತಿ, ಅದರಲ್ಲೂ ರೋಗಿ ಕೆಮ್ಮಿದಾಗ. ಆದರೂ ಟ್ಯೂಬ್ ಹಾಕುವಾಗ ಹತ್ತಿರ ಬಗ್ಗಿರುತ್ತೇವೆ, ಕಷ್ಟದ ಕೇಸ್‌ಗಳಲ್ಲಿ ರೋಗಿ ಕೆಮ್ಮಿಬಿಡುತ್ತಾರೆ. ಅದಕ್ಕೇ ಅನುಭವ ಜಾಸ್ತಿ ಇರುವವರೇ ಟ್ಯೂಬ್ ಹಾಕಲಿ, ಗಂಟಲನ್ನು ಪರದೆಯಲ್ಲಿ ತೋರಿಸುವ ವಿಡಿಯೊ ಲ್ಯಾರಿಂಗೋಸ್ಕೋಪ್ ಇದ್ದರೆ ಬಳಸಲಿ. ಕಫ್ ಉಬ್ಬಿಸುವ ಮುಂಚೆ ಉಸಿರು ಕೊಡುವ ಬ್ಯಾಗ್ ಒತ್ತಬಾರದು. ಎಚ್ಚರ ಮಾಡುವಾಗ ಮೂವರು ಸಾಕು ಅಂದರೆ ಮೂವರೇ ಇರಲಿ. ಡ್ರೆಸಿಂಗ್ ಆದ ಮೇಲೆ ಸುಮ್ನೆ ನಿಂತು ನೋಡುವವರು ಮೊದಲೇ ಹೊರಡಲಿ.

ಬೆನ್ನಿಗೆ ಇಂಜೆಕ್ಷನ್ (ಸ್ಪೈನಲ್) ಕೊಟ್ಟು ಮಾಡಿದರೆ ಭಯವೇ ಇಲ್ಲ ಅನ್ನೋ ಮಾತೂ ಕೇಳಿರುತ್ತೀರಿ. ಅರ್ಧ ನಿಜ. ಶ್ವಾಸನಾಳ ಮುಟ್ಟುವುದಿಲ್ಲ, ಸೋಂಕಿರುವ ಶ್ವಾಸಕೋಶಕ್ಕೂ ಅದು ಒಳ್ಳೆಯದು. ಆಪರೇಷನ್ನಿಗೆ ಹೊಂದುವುದಾದರೆ ನಾನು ಅದನ್ನೇ ಆರಿಸುತ್ತೇನೆ. ಆದರೆ ಆ ರೋಗಿ ಅಷ್ಟು ಹೊತ್ತೂ ನಿಮ್ಮ ಜೊತೆ ಅದೇ ಗಾಳಿಯಲ್ಲಿ ಉಸಿರಾಡುತ್ತಾ, ಮಾತಾಡುತ್ತಾ, ಕೆಮ್ಮುತ್ತಾ ಇರುತ್ತಾರೆ. ರೋಗಿಯ ಮುಖಕ್ಕೆ ಸರ್ಜಿಕಲ್ ಮಾಸ್ಕ್ ಇರಲೇಬೇಕು. ಆಕ್ಸಿಜನ್ ಬೇಕಾದರೆ ಮೂಗಿನ ಕೊಳವೆ ಹಾಕಿ ಅದರ ಮೇಲೆ ಮಾಸ್ಕ್. ಸ್ಪೈನಲ್ ಸಾಲದೆ ಅವಸರದಲ್ಲಿ ಟ್ಯೂಬ್ ಹಾಕಬೇಕಾಗಿ ಬಂದರೆ ಅದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಆದ್ದರಿಂದ ಸ್ಪೈನಲ್ ಕೇಸಿನಲ್ಲೂ ರೋಗಿಯ ತಲೆಯ ಹತ್ತಿರ ಇರುವವರು ಎನ್95 ಹಾಕಿಕೊಂಡೇ ಶುರು ಮಾಡಬೇಕು.

ರೋಗಿಯ ತಲೆ ಮೇಲೆ ಇಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಯಾರಾದರೂ ತಂದರೆ ಬೇಡ ಅನ್ನಿ. 2020ರಲ್ಲಿ ಅದು ಎಲ್ಲ ಕಡೆ ಹಬ್ಬಿತು. ಅದರೊಳಗೆ ಕೈ ತೂರಿಸಿ ಟ್ಯೂಬ್ ಹಾಕುವುದು ಕಷ್ಟವಾಗಿ, ಹೊತ್ತು ಜಾಸ್ತಿಯಾಗುತ್ತಿತ್ತು. ಗಾಳಿ ಹೀರುವ ವ್ಯವಸ್ಥೆ ಇಲ್ಲದ ಅಂಥ ಡಬ್ಬಿಗಳಿಗೆ ಕೊಟ್ಟಿದ್ದ ತುರ್ತು ಅನುಮತಿಯನ್ನು ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ವರ್ಷ ಆಗಸ್ಟ್‌ನಲ್ಲಿ ವಾಪಸ್ ತೆಗೆದುಕೊಂಡಿತು.

ಈಗ ಮಾಸ್ಕ್. ಎರಡು ಸರ್ಜಿಕಲ್ ಮಾಸ್ಕ್ ಹಾಕಿದರೆ ಒಂದು ಎನ್95 ಆಗುವುದಿಲ್ಲ. ಬಟ್ಟೆಯ ಪದರ ಹೆಚ್ಚುತ್ತದೆ, ಕೆನ್ನೆಯ ಪಕ್ಕದ ಸಂದಿ ಹಾಗೇ ಇರುತ್ತದೆ. ಗಾಳಿ ಸುಲಭದ ದಾರಿ ಹುಡುಕುತ್ತದೆ, ಆ ಸಂದಿಯಿಂದಲೇ ಒಳಗೆ ಬರುತ್ತದೆ. ಎನ್95ರ ಬಟ್ಟೆ 0.3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ 95 ತಡೆಯುತ್ತದೆ. ಆದರೆ ಅದು ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ಹಾಕಿಕೊಂಡ ಮೇಲೆ ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆ ಗಾಳಿ ಬಂದರೆ ಮೂಗಿನ ಪಟ್ಟಿ ಸರಿಮಾಡಿ. ಜೋರಾಗಿ ಒಳಗೆ ಎಳೆದಾಗ ಮಾಸ್ಕ್ ಸ್ವಲ್ಪ ಒಳಕ್ಕೆ ಹೋಗಬೇಕು. ಕನ್ನಡಕ ಮಂಜಾಗುತ್ತಿದೆ ಅಂದರೆ ಸೋರುತ್ತಿದೆ ಎಂದೇ ಅರ್ಥ. ಗಡ್ಡ ಇದ್ದರೆ ಅದು ಕೂರುವುದಿಲ್ಲ. ವಾಲ್ವ್ ಇರುವ ಮಾಸ್ಕ್ ಓಟಿಗೆ ಬೇಡ, ಅದರಿಂದ ನೀವು ಬಿಟ್ಟ ಉಸಿರು ಫಿಲ್ಟರ್ ಆಗದೆ ಗಾಯದ ಮೇಲೆ ಹೋಗುತ್ತದೆ. ಎನ್95 ಕಡಿಮೆ ಇದ್ದ ದಿನ ಎಲ್ಲರಿಗೂ ಎರಡೆರಡು ಸರ್ಜಿಕಲ್ ಮಾಸ್ಕ್ ಹಂಚುವುದಕ್ಕಿಂತ, ಇರುವ ಎನ್95ಗಳನ್ನು ಟ್ಯೂಬ್ ಹಾಕುವವರಿಗೆ, ಅವರ ಪಕ್ಕ ನಿಲ್ಲುವ ನಿಮಗೆ ಕೊಟ್ಟು, ಉಳಿದವರು ಆ ಹೊತ್ತು ಹೊರಗಿರುವುದು ಮೇಲು. ಮೂಗು, ಗಂಟಲು, ಶ್ವಾಸನಾಳದ ಆಪರೇಷನ್ ಆದರೆ ಈ ಹೊಂದಾಣಿಕೆ ಆಗದು. ಟೇಬಲ್ ಸುತ್ತ ಇರುವ ಎಲ್ಲರಿಗೂ ಎನ್95 ಮತ್ತು ಕಣ್ಣಿನ ರಕ್ಷಣೆ ಬೇಕು. ಇಲ್ಲದಿದ್ದರೆ, ಜೀವಕ್ಕೆ ಅಪಾಯ ಇಲ್ಲದ ಕೇಸನ್ನು ಅವು ಬರುವವರೆಗೆ ಮುಂದೂಡಿ.

ಫಾರ್ಮಲಿನ್ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಗಾಳಿಯಲ್ಲಿದ್ದ ವೈರಸ್ ಏರ್ ಚೇಂಜ್‌ನಿಂದ ಹೋಗುತ್ತದೆ. ಮೇಲ್ಮೈ ಮೇಲಿನದು ಒರೆಸಿದರೆ ಹೋಗುತ್ತದೆ. ರಕ್ತ, ಕಫ ಅಂಟಿದ ಜಾಗಕ್ಕೆ ಹೊಗೆ ಹಾಕಿದರೆ ಕೊಳೆಯ ಕೆಳಗಿದ್ದದ್ದು ಅಲ್ಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು (ಫಾರ್ಮಲಿನ್ ಹೊಗೆಯಲ್ಲಿರುವುದು ಇದೇ) ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಪಟ್ಟಿ ಮಾಡಿದೆ. ಬೆಳಿಗ್ಗೆ ಬಾಗಿಲು ತೆಗೆದು ಕಣ್ಣುರಿಯುತ್ತಾ ಒಳಗೆ ಹೋಗುವವರು ನೀವು ಮತ್ತು ಕ್ಲೀನಿಂಗ್ ಸಿಬ್ಬಂದಿ. ಮತ್ತೆ, ಓಟಿ ಮುಚ್ಚಿದ ರಾತ್ರಿ ಕರುಳು ತೂತಾದ ರೋಗಿಯೋ, ಹೆರಿಗೆ ಕಷ್ಟವಾದ ತಾಯಿಯೋ ಬಂದರೆ? ವೈರಸ್‌ಗಿಂತ ದೊಡ್ಡ ಅಪಾಯ ಅದು. ಯುವಿ ದೀಪ ಇದ್ದರೆ ಒರೆಸಿದ ಮೇಲೆ, ಯಾರೂ ಇಲ್ಲದಾಗ ಹಾಕಬಹುದು. ನೆರಳು ಬಿದ್ದ ಜಾಗಕ್ಕೆ ಅದು ತಲುಪುವುದಿಲ್ಲ, ಕಣ್ಣು ಚರ್ಮ ಸುಡುತ್ತದೆ.

ಒರೆಸುವುದು ಹೇಗೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಎರಡು ಮಾತು ಮಾತ್ರ. ಕೊರೊನಾ, ಫ್ಲೂ ತರಹದ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇರುತ್ತದೆ, ಸೋಪು, ಶೇ 70ರ ಆಲ್ಕೋಹಾಲ್, ಬ್ಲೀಚ್ ಯಾವುದಕ್ಕಾದರೂ ಸಾಯುತ್ತವೆ. ಅಡಿನೋ ವೈರಸ್‌ಗೆ ಆ ಹೊದಿಕೆ ಇಲ್ಲ, ಅದು ಗಟ್ಟಿಜೀವ, ಅದಕ್ಕೆ ಬ್ಲೀಚ್ ಒಳ್ಳೆಯದು. ಶೇ 5ರ ದ್ರವ ಬ್ಲೀಚ್ ಒಂದು ಭಾಗಕ್ಕೆ 49 ಭಾಗ ನೀರು ಸೇರಿಸಿದರೆ ಶೇ 0.1 ಆಗುತ್ತದೆ, ಸಾಮಾನ್ಯ ಮೇಲ್ಮೈಗೆ ಸಾಕು. ರಕ್ತ ಚೆಲ್ಲಿದ ಕಡೆ ಒಂದಕ್ಕೆ 9 ಭಾಗ. ಅಂದಂದಿಗೆ ಕಲಸಿ, ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ಕ್ಯಾನಿನ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿರಲಿ. ಇನ್ನೊಂದು, ನೆಲ ಮೂರು ಸಲ ಒರೆಸಿ ಅನಸ್ತೇಶಿಯಾ ಯಂತ್ರದ ಗುಂಡಿಗಳನ್ನು ಮರೆಯುವುದು ಎಲ್ಲ ಕಡೆ ನೋಡಿದ್ದೇನೆ. ಟ್ಯೂಬ್ ಹಾಕಿದ ಗ್ಲೌಸ್ ಮೊದಲು ಮುಟ್ಟುವುದು ಬ್ಯಾಗ್‌ನ ವಾಲ್ವ್, ಆಕ್ಸಿಜನ್ ಗುಂಡಿ, ವೆಂಟಿಲೇಟರ್ ಸ್ಕ್ರೀನ್, ಔಷಧಿ ಟ್ರಾಲಿಯ ಡ್ರಾಯರ್ ಹಿಡಿ. ಕೆಲಸ ಅಲ್ಲಿಂದ ಶುರುವಾಗಲಿ. ಫಿಲ್ಟರ್ ಮತ್ತು ಕೊಳವೆಗಳು ಹೊಸವಾಗಿ, ಯಂತ್ರ, ಟೇಬಲ್, ಮಾನಿಟರ್ ವೈರುಗಳು ಒರೆಸಿ, ಗಾಳಿ ಬದಲಾದ ಹೊತ್ತೂ ಮುಗಿದಿದ್ದರೆ ಮುಂದಿನ ರೋಗಿಯನ್ನು ಅಂಜದೆ ಮಲಗಿಸಿ.

ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಗ್ಯಾಸ್ ತುಂಬಿ ಸಣ್ಣ ರಂಧ್ರಗಳಿಂದ ಮಾಡುವ ಆಪರೇಷನ್) ಮತ್ತು ಕಾಟರಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವುದು) ಹೊಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಆ ಹೊಗೆಯಿಂದ ಉಸಿರಾಟದ ವೈರಸ್ ತಗಲಿದ್ದು ಸಾಬೀತಾಗಿಲ್ಲ. ಆದರೆ ಹೊಗೆಯೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೊಟ್ಟೆಯೊಳಗಿನ ಗ್ಯಾಸನ್ನು ರಂಧ್ರದಲ್ಲಿ ಕೂರಿಸಿದ ಕೊಳವೆ (ಪೋರ್ಟ್) ತೆಗೆಯುವ ಮುಂಚೆ ಫಿಲ್ಟರ್ ಮೂಲಕ ಹೊರಬಿಡಲಿ, ಹೊಗೆ ಹೀರುವ ಸಕ್ಷನ್ ಹತ್ತಿರ ಹಿಡಿಯಿರಿ.

ಎಲ್ಲ ಆಪರೇಷನ್ ಮುಂದೂಡಬೇಕಾ? ಎಮರ್ಜೆನ್ಸಿಯನ್ನು ಯಾವ ವೈರಸ್ ಇದ್ದರೂ ನಿಲ್ಲಿಸಬಾರದು, ಬೆಳೆಯುವ ಕ್ಯಾನ್ಸರನ್ನು ತುಂಬ ಕಾಯಿಸಬಾರದು. ಆದರೆ ಸೋಂಕಿರುವಾಗ ಮುಂದೂಡಬಹುದಾದ ಆಪರೇಷನ್ ಮಾಡುವುದು ರೋಗಿಗೇ ಅಪಾಯ. ಕೋವಿಡ್ ಸಮಯದಲ್ಲಿ 116 ದೇಶಗಳ 1,40,231 ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸೋಂಕು ಕಂಡ ಎರಡು ವಾರದೊಳಗೆ ಆಪರೇಷನ್ ಆದವರಲ್ಲಿ 30 ದಿನದೊಳಗೆ ಸತ್ತವರು ಶೇ 4ರಷ್ಟು. ಏಳು ವಾರ ಕಾದವರಲ್ಲಿ ಶೇ 1.5, ಸೋಂಕೇ ಬಾರದವರಲ್ಲೂ ಅಷ್ಟೇ. ಅದು ಬಹುಪಾಲು ಲಸಿಕೆಗೆ ಮುಂಚಿನ ಕಾಲ. ಆಮೇಲೆ ಮಾರ್ಗಸೂಚಿಗಳು ಸಡಿಲವಾಗಿವೆ. ಕನಿಷ್ಠ ಎರಡು ವಾರ, ಆಮೇಲೆ ರೋಗಿಯ ವಯಸ್ಸು, ಶ್ವಾಸಕೋಶ, ಆಪರೇಷನ್ ನೋಡಿ ತೀರ್ಮಾನ. ಈ ಅಂಕಿಯನ್ನು ಎಲ್ಲ ವೈರಸ್‌ಗೂ ಹಚ್ಚಬಾರದು. ಮಕ್ಕಳ ವಿಷಯ ಮಾತ್ರ ಹಳೆಯ ಪಾಠ. ಮಾಮೂಲಿ ನೆಗಡಿಯಾದರೂ ಶ್ವಾಸನಾಳ ಕೆಲವು ವಾರ ಸೂಕ್ಷ್ಮವಾಗಿರುತ್ತದೆ, ಮಂಪರು ಕೊಡುವಾಗ ಗಂಟಲು ಬಿಗಿದುಕೊಳ್ಳುವ ಸಂಭವ ಜಾಸ್ತಿ. ಜ್ವರ, ಕಫ ಇದ್ದ ಮಗುವಿಗೆ ಎರಡರಿಂದ ನಾಲ್ಕು ವಾರ ಕಾಯುವುದು ವಾಡಿಕೆ.

ಕೊನೆಗೆ ನಿಮ್ಮ ಮನೆ. 2003ರ ಸಾರ್ಸ್‌ನಲ್ಲಿ ಸೋಂಕು ತಗಲಿದ ಐವರಲ್ಲಿ ಒಬ್ಬರು ಆರೋಗ್ಯ ಸಿಬ್ಬಂದಿ. ಹಾಗಾಗಿ ನಿಮ್ಮ ಅಂಜಿಕೆ ಹುಸಿಯಲ್ಲ. ಆದರೆ 2020ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಪತ್ರೆ ಸಿಬ್ಬಂದಿಯ ರಕ್ತ ಪರೀಕ್ಷಿಸಿದಾಗ ಐಸಿಯುನವರಿಗಿಂತ ಕ್ಲೀನಿಂಗ್ ಸಿಬ್ಬಂದಿಗೆ, ಸಾಮಾನ್ಯ ವಾರ್ಡಿನವರಿಗೆ ಸೋಂಕು ಜಾಸ್ತಿ ತಗಲಿತ್ತು. ಅಪಾಯ ಗೊತ್ತಿದ್ದ ಕಡೆ ಒಳ್ಳೆಯ ಮಾಸ್ಕ್ ಇರುತ್ತದೆ, ಎಚ್ಚರ ಇರುತ್ತದೆ. ಅದೇ ನಾವು ಟೇಬಲ್ ಬಿಟ್ಟು ಬಂದು, ಕಿಟಕಿ ಇಲ್ಲದ ಟೀ ರೂಮಿನಲ್ಲಿ ಮಾಸ್ಕ್ ತೆಗೆದು ಆರು ಜನ ಒತ್ತಿಕೊಂಡು ಕೂರುತ್ತೇವೆ. ಅಲ್ಲಿ ಇಬ್ಬಿಬ್ಬರೇ ಹೋಗಿ, ಅಲ್ಲೂ ಒಂದು ಫಿಲ್ಟರ್ ಯಂತ್ರ ಇಡಿಸಿ. ಗೌನ್ ಬಿಚ್ಚುವಾಗ ಅವಸರ ಬೇಡ. ಮೊದಲು ಗ್ಲೌಸ್, ಕೈ ತೊಳೆಯಿರಿ, ಗೌನ್, ಮತ್ತೆ ಕೈ. ರೂಮಿನಿಂದ ಹೊರಗೆ ಬಂದ ಮೇಲೆ ಕನ್ನಡಕ, ಎಲ್ಲಕ್ಕಿಂತ ಕೊನೆಗೆ ಪಟ್ಟಿ ಹಿಡಿದು ಎನ್95, ಮತ್ತೆ ಕೈ. ಇನ್ನೊಬ್ಬರು ನಿಂತು ನೋಡುತ್ತಿದ್ದರೆ ತಪ್ಪು ಕಡಿಮೆ. ಬಟ್ಟೆ ಆಸ್ಪತ್ರೆಯಲ್ಲೇ ಬದಲಿಸಿ. ಅತ್ತೆಗೂ ನಿಮಗೂ ಸಿಗುವ ಲಸಿಕೆ ಹಾಕಿಸಿ. ಗಂಟಲು ಕೆರೆಯುತ್ತಿದ್ದರೆ ಮಾತ್ರೆ ನುಂಗಿ ಡ್ಯೂಟಿಗೆ ಬರಬೇಡಿ. ಟೇಬಲ್ ಮೇಲೆ ಮಲಗಿದವರಿಗೆ ಆಗ ಸೋಂಕಿನ ಮೂಲ ನೀವೇ.

ನಾಳೆ ಮ್ಯಾನೇಜ್‌ಮೆಂಟಿಗೆ ಬರೆದು ಕೊಡಿ, ಸರ್ಜನ್ ಮತ್ತು ಅನಸ್ತೇಶಿಯಾ ಡಾಕ್ಟರ್ ಇಬ್ಬರ ಸಹಿಯೂ ಇರಲಿ. ಎರಡೂ ಓಟಿಯ ಏರ್ ಚೇಂಜ್ ಅಳೆಸಿ ಅಂಕಿಯನ್ನು ಬಾಗಿಲ ಮೇಲೆ ಅಂಟಿಸಬೇಕು, ಪಕ್ಕದಲ್ಲಿ ಕಾಯಬೇಕಾದ ನಿಮಿಷ ಬರೆದಿರಬೇಕು. ಎರಡನೆಯ ಓಟಿಗೆ ಆ ಲೆಕ್ಕದ ಹೆಪಾ ಯಂತ್ರ ಬರುವವರೆಗೆ ಕೆಮ್ಮುವ ರೋಗಿಯನ್ನು ಅಲ್ಲಿಗೆ ಕಳಿಸಬಾರದು.